ಲಕ್ಷದ ಕಂಪ್ಯೂಟರು: ಲಾಭವೋ, ಬರೀ ಲಕ್ಷಣವೋ?

ದಾವಣಗೆರೆ ಮಂಡಿಪೇಟೆಯ ಕಿರಾಣಿ ವ್ಯಾಪಾರಸ್ಥರೊಬ್ಬರ ಕೈಗೆ ಚೀಟಿ ದುಡ್ಡು ಒಂದು ಲಕ್ಷ ಬಂತು. ಬಂದ ದಿನದಿಂದಲೇ ಮನೇಲಿ ತಕರಾರು ಶುರು!

ಮಗಳಿಗೆ ಮೆಕ್ಯಾನಿಕಲ್ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಕಾಲೇಜಿಗೆ ದಿನಾ ಬಸ್ಸಿನಲ್ಲೇ ಹೋಗಿಬರಬೇಕು. "ಅಪ್ಪಾಜಿ, ಕೊಡ್ಸೋದಾದ್ರೆ ಆಪಲ್ ಲ್ಯಾಪ್‌ಟಾಪೇ ಕೊಡ್ಸಿ, ಏಳು ವರ್ಷ ಬಾಳಿಕೆ ಬರ್ತದೆ" ಅಂತ ಅವಳ ಪಟ್ಟು. "ನಲವತ್ತೈದು ಸಾವಿರದ್ದಕ್ಕೂ ಅದೇ ಪರದೆ, ಅದೇ ಗುಂಡಿ. ಮಿಕ್ಕಿದ್ದು ಹೆಸರಿಗೆ ಕಟ್ಟೋ ದಂಡ ಕಣವ್ವಾ" ಅಂತ ಅಪ್ಪನ ವಾದ. ಇತ್ತ ಹಬ್ಬದ ಸೀಸನ್ನು ಬಾಗಿಲಲ್ಲಿದೆ, ಅಂಗಡಿಗೆ ಬೆಲ್ಲ, ಬೇಳೆ ತುಂಬಬೇಕು. ಇರೋದು ಒಂದೇ ಲಕ್ಷ.

ಯಾರ ಮಾತು ಸರಿ?

ಈ ಜಗಳವೇನೂ ಹೊಸದಲ್ಲ. 1981ರಲ್ಲಿ ಐಬಿಎಂ ಕಂಪನಿಯ ಪಿಸಿ 1,565 ಡಾಲರಿನಿಂದ ಮಾರಾಟಕ್ಕೆ ಬಂತು. 1983ರಲ್ಲಿ ಆಪಲ್ ಕಂಪನಿ 'ಲೀಸಾ' ಅನ್ನುವ ಕಂಪ್ಯೂಟರಿಗೆ 9,995 ಡಾಲರ್ ಬೆಲೆ ಇಟ್ಟಿತು. ಯಂತ್ರ ಚೆನ್ನಾಗಿತ್ತು, ಕೊಳ್ಳುವವರೇ ಇರಲಿಲ್ಲ. ಮರುವರ್ಷ ಅದೇ ಕಂಪನಿ 2,495 ಡಾಲರಿಗೆ 'ಮ್ಯಾಕಿಂಟಾಷ್' ತಂದು ಹೆಸರು ಮಾಡಿತು. ಒಳ್ಳೇ ಮಾಲಾದರೂ ಗಿರಾಕಿಯ ಜೇಬು ನೋಡಲೇಬೇಕು ಅನ್ನೋ ಪಾಠ ಅಂದೇ ಆಯಿತು.

ಈಗ ಲೆಕ್ಕಕ್ಕೆ ಬರೋಣ. 2025ರ ಮಾರ್ಚಿನಲ್ಲಿ ಎಂ4 ಚಿಪ್ಪಿನ ಮ್ಯಾಕ್‌ಬುಕ್ ಏರ್ ಭಾರತಕ್ಕೆ ಬಂದಾಗ ಆರಂಭದ ಬೆಲೆ 99,900 ರೂ. ಏಳು ವರ್ಷ ಬಾಳಿದರೆ ವರ್ಷಕ್ಕೆ ಸುಮಾರು 14,270, ದಿನಕ್ಕೆ 39 ರೂಪಾಯಿ. 45,000ದ ಲ್ಯಾಪ್‌ಟಾಪ್ ನಾಲ್ಕು ವರ್ಷ ಬಾಳಿದರೆ ದಿನಕ್ಕೆ 31. ಮೂರೇ ವರ್ಷಕ್ಕೆ ಮೂಲೆ ಸೇರಿದರೆ 41! ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡ ಹಾಗೆ. ಅಂದರೆ ಬೆಲೆಯ ಚೀಟಿ ಅರ್ಧ ಸತ್ಯ, ಎಷ್ಟು ವರ್ಷ ದುಡೀತದೆ ಅನ್ನೋದು ಇನ್ನರ್ಧ.

ಆದರೆ ವ್ಯಾಪಾರಸ್ಥರ ಲೆಕ್ಕ ಅಲ್ಲಿಗೇ ನಿಲ್ಲೋದಿಲ್ಲ. ಎರಡರ ನಡುವಿನ ವ್ಯತ್ಯಾಸ 54,900. ಅದನ್ನು ಸಾಲ ತಂದರೆ, ವರ್ಷಕ್ಕೆ ನೂರಕ್ಕೆ 12ರಂತೆ ಬಡ್ಡಿ ಹಿಡಿದರೂ ಮೊದಲ ವರ್ಷವೇ 6,500ಕ್ಕೂ ಮೇಲೆ ಬೀಳ್ತದೆ. ಸೀಸನ್ನಿನಲ್ಲಿ ಆ ದುಡ್ಡು ಅಂಗಡಿಯಲ್ಲಿದ್ದರೆ ಮಾಲಾಗಿ ತಿರುಗ್ತದೆ. ಮೇಜಿನ ಮೇಲೆ ಕೂತರೆ ಬೆಲೆ ಇಳೀತದೆ ಅಷ್ಟೇ.

ಹಾಗಾದರೆ ದುಬಾರಿ ಮಾಲಿನಲ್ಲಿ ಏನೂ ಇಲ್ಲವೇ? ಖಂಡಿತ ಇದೆ. ಆ ಮ್ಯಾಕ್‌ಬುಕ್ ಏರಿಗೆ ಫ್ಯಾನೇ ಇಲ್ಲ. ಧೂಳೆಳೆದುಕೊಂಡು ಗುರ್ ಅನ್ನೋ ಕಾಟ ಇಲ್ಲ. ತೂಕ 1.24 ಕೆಜಿ, ಬಸ್ಸಿನಲ್ಲಿ ನಿಂತು ಹೋಗುವವರ ಹೆಗಲಿಗೆ ಅದರ ಬೆಲೆ ಗೊತ್ತು. ಬ್ಯಾಟರಿ 18 ಗಂಟೆವರೆಗೆ ಬರ್ತದೆ ಅಂತ ಕಂಪನಿ ಹೇಳ್ತದೆ. ಹಳೇದಾದ ಮೇಲೆ ಮಾರಿದರೂ ನಾಲ್ಕು ಕಾಸು ಸಿಗ್ತದೆ.

ತೊಡಕೂ ಉಂಟು. ಅದರ ಮೆಮೊರಿಯನ್ನು ಆಮೇಲೆ ಹೆಚ್ಚಿಸೋ ಹಾಗಿಲ್ಲ, ಕೊಂಡ ದಿನ ಎಷ್ಟೋ ಕೊನೇವರೆಗೂ ಅಷ್ಟೇ. ಕೀಲಿಮಣೆ ಮೇಲೆ ಚಹಾ ಚೆಲ್ಲಿದರೆ ರಿಪೇರಿ ಬಿಲ್ಲು ನೋಡಿ ಎದೆ ಝಲ್ ಅನ್ನಬೇಕು. ಲೆಕ್ಕ ಬರೆಯೋ ಟ್ಯಾಲಿ ಇರೋದು ವಿಂಡೋಸಿಗೆ. ಮ್ಯಾಕ್‌ನಲ್ಲಿ ಬೇಕಂದರೆ ಸುತ್ತುದಾರಿ ಹಿಡಿಯಬೇಕು. ಹೆಚ್ಚು ಬೆಲೆ ಕೊಟ್ಟರೆ ಹೆಚ್ಚು ಆಯುಸ್ಸು ಅನ್ನೋ ಮಾತೂ ಯಾವಾಗಲೂ ನಿಜವಲ್ಲ. 2020ರ ಆರಂಭದಲ್ಲಿ ಬಂದ ಇಂಟೆಲ್ ಚಿಪ್ಪಿನ ಮ್ಯಾಕ್‌ಬುಕ್ ಏರಿಗೆ 2025ರ ಹೊಸ ಮ್ಯಾಕ್ ಓಎಸ್ ಸಿಗಲೇ ಇಲ್ಲ. ಅದೇ ವರ್ಷದ ಕೊನೆಗೆ ಬಂದ ಎಂ1 ಚಿಪ್ಪಿನದಕ್ಕೆ ಸಿಕ್ಕಿತು. ಕೆಲವೇ ತಿಂಗಳು ಹಿಂದೆಮುಂದೆ ಕೊಂಡವರ ಹಣೆಬರಹ ಬೇರೆ ಬೇರೆ!

ವಿಂಡೋಸಿನ ಕಡೆಯೂ ಇದೇ ಕಥೆ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ, ಇಂಟೆಲ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದಕ್ಕೂ ಹೊಸ ಪ್ರೊಸೆಸರ್ ಬೇಕು. ಸೆಕೆಂಡ್ ಹ್ಯಾಂಡ್ ಮಾಲು ಅಗ್ಗ ಸಿಕ್ತು ಅಂತ ಕೈಹಾಕುವವರು ಇದನ್ನು ಮೊದಲು ಕೇಳಬೇಕು.

ಬರೀ ಬಿಲ್ಲು ಬರೆದು ಜಿಎಸ್‌ಟಿ ಲೆಕ್ಕ ಇಡುವ ಅಂಗಡಿಗೆ ಲಕ್ಷದ ಯಂತ್ರ ಬೇಡವೇ ಬೇಡ. ಇರುವ ಕಂಪ್ಯೂಟರು ತೆವಳುತ್ತಿದ್ದರೆ ಹಳೇ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದರೆ ಎಷ್ಟೋ ಸಲ ಅದೇ ಚುರುಕಾಗ್ತದೆ. ಕೊಂಡರೂ ಜಿಎಸ್‌ಟಿ ನಂಬರಿನ ಮೇಲೆ ಬಿಲ್ಲು ಹಾಕಿಸಬೇಕು. ಅಂಗಡಿ ಕೆಲಸಕ್ಕೇ ಬಳಸುವುದಾದರೆ ಶೇ. 18ರ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ಟಿನಲ್ಲಿ ಹೊಂದಿಸಿಕೊಳ್ಳಬಹುದು. ಕಾಂಪೊಸಿಷನ್ ಸ್ಕೀಮಿನವರಿಗೆ ಮಾತ್ರ ಆ ಸೌಲಭ್ಯ ಇಲ್ಲ. ವಿಡಿಯೊ ಎಡಿಟಿಂಗ್‌ನಂಥ ಕೆಲಸದಿಂದ ದಿನಾ ದುಡಿಯೋರಿಗೆ ದುಬಾರಿ ಯಂತ್ರ ಅಸಲು ವಾಪಸ್ ಕೊಡ್ತದೆ. ಅವರಿಗದು ಷೋಕಿ ಅಲ್ಲ, ಸಲಕರಣೆ.

ಮಂಡಿಪೇಟೆಯ ಮನೆಯಲ್ಲಿ ಏನಾಯ್ತು? ತೀರ್ಪು ಕೊಟ್ಟಿದ್ದು ಅಪ್ಪನೂ ಅಲ್ಲ, ಮಗಳೂ ಅಲ್ಲ. ಅದೇ ಬೀದಿಯ ಫೈನಲ್ ಇಯರ್ ಹುಡುಗ ಒಂದೇ ಮಾತು ಹೇಳಿದ: "ಮೆಕ್ಯಾನಿಕಲ್‌ನೋರಿಗೆ ಸಾಲಿಡ್‌ವರ್ಕ್ಸ್ ಬೇಕಾಗ್ತದೆ ಅಂಕಲ್, ಅದು ಮ್ಯಾಕ್‌ಗೆ ಇಲ್ಲ."

ನಲವತ್ತೈದು ಸಾವಿರದ್ದರಲ್ಲಿ 8 ಜಿಬಿ ಮೆಮೊರಿ. ಆ ಕೆಲಸಕ್ಕೆ ಅದು ಸಾಲದು ಅಂತಲೂ ಅವನೇ ಹೇಳಿದ. ಕೊನೆಗೆ 16 ಜಿಬಿಯ ವಿಂಡೋಸ್ ಲ್ಯಾಪ್‌ಟಾಪು 64 ಸಾವಿರಕ್ಕೆ ಬಂತು. ಮಗಳ ಮುಖ ಒಂದು ದಿನ ಸಪ್ಪಗಿತ್ತು. ಉಳಿದ 36 ಸಾವಿರ ಬೆಲ್ಲ, ಬೇಳೆಯಾಗಿ ಅಂಗಡಿ ಸೇರಿತು.

"ಕೆಲ್ಸ ಸಿಕ್ಮೇಲೆ ನನ್ ಸಂಬಳದಲ್ಲೇ ಆಪಲ್ ತಗೋತೀನಿ" ಅಂದಳಂತೆ ಮಗಳು.

"ತಗೋಳವ್ವಾ, ಆಗ ನಾನ್ ಬೇಡ ಅನ್ನಲ್ಲ" ಅಂದರಂತೆ ಅಪ್ಪ, ತಕ್ಕಡಿಯಿಂದ ಕಣ್ಣು ತೆಗೆಯದೆ.