ವರ್ಕ್‌ಶಾಪಿನ ಕೀಲಿಕೈ ಯಾರ ಬಳಿ ಇರಬೇಕು?

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ವರ್ಕ್‌ಶಾಪಿನ ಮೇಲ್ವಿಚಾರಣೆ ಆಗ ನನ್ನ ಪಾಲಿಗಿತ್ತು. ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬ ಪ್ರಾಜೆಕ್ಟ್ ಮುಗಿಸಬೇಕೆಂದು ಸಂಜೆ ಬಂದು ಕೀಲಿಕೈ ಕೇಳಿದ. ಜಾಣ ಹುಡುಗ, ಕೈಯಲ್ಲಿ ಕಸುಬಿತ್ತು, ಕೊಟ್ಟುಬಿಟ್ಟೆ. ಅವನು ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಂತಿದ್ದಾಗ ಕರೆಂಟು ಹೋಯಿತು. ಹೇಗೂ ಯಂತ್ರ ನಿಂತಿದೆ, ಅಷ್ಟರಲ್ಲಿ ವೇಗ ಬದಲಿಸಿಕೊಳ್ಳೋಣವೆಂದು ಬೆಲ್ಟನ್ನು ಪುಲ್ಲಿಯ ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಸರಿಸಲು ಕೈಯಿಟ್ಟ. ಸ್ವಿಚ್ಚು ಚಾಲೂ ಸ್ಥಿತಿಯಲ್ಲಿಯೇ ಉಳಿದಿತ್ತು. ಕರೆಂಟು ಮರಳಿ ಬಂತು. ಎಡಗೈಯ ಎರಡು ಬೆರಳುಗಳ ತುದಿ ಹೋದವು.

ಮರುದಿನ ಸಿದ್ಧವಾದ ವರದಿಯಲ್ಲಿ ಕಾರಣ ಒಂದೇ ಸಾಲಿನಲ್ಲಿತ್ತು: ವಿದ್ಯಾರ್ಥಿಯ ಅಜಾಗರೂಕತೆ. ಅದರ ಕೆಳಗೆ ನಾನು ಸಹಿ ಹಾಕಿದೆ. ಬೆಲ್ಟಿನ ಮೇಲೆ ಇರಬೇಕಾಗಿದ್ದ ಮುಚ್ಚಳ ತಿಂಗಳುಗಳಿಂದ ಮೂಲೆಯಲ್ಲಿ ಬಿದ್ದಿತ್ತೆಂಬುದು ವರದಿಯಲ್ಲಿ ಇರಲಿಲ್ಲ. ಕರೆಂಟು ಮರಳಿ ಬಂದಾಗ ಯಂತ್ರ ತಾನಾಗಿಯೇ ತಿರುಗದಂತೆ ತಡೆಯುವ ಸ್ಟಾರ್ಟರ್ ಅದಕ್ಕೆ ಇಲ್ಲದಿದ್ದುದೂ ಇರಲಿಲ್ಲ. ಆ ಹೊತ್ತಿನಲ್ಲಿ ಅವನು ಒಬ್ಬನೇ ಇದ್ದ, ಕೀಲಿಕೈ ಕೊಟ್ಟವನು ನಾನು ಎಂಬುದಂತೂ ಇರಲೇ ಇಲ್ಲ. ನವಲಗುಂದದ ಕಡೆಯ ರೈತನಾಗಿದ್ದ ಅವನ ತಂದೆ ಬಂದು, ‘ಜೀವಕ್ಕೇನೂ ಆಗಲಿಲ್ಲಲ್ರಿ ಸರ, ದೇವರು ದೊಡ್ಡಾಂವ’ ಎಂದು ಕೈಮುಗಿದು ಹೋದರು. ಅವರು ಬೈದಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲ.

ಈಗ ಇದನ್ನು ಬರೆಯುವುದಕ್ಕೆ ಕಾರಣವಿದೆ. ಹುಬ್ಬಳ್ಳಿ-ಧಾರವಾಡ ಹಿಂದಿನಿಂದಲೂ ಯಂತ್ರದ ಸದ್ದು ಬಲ್ಲ ಊರು. ರೈಲ್ವೆ ಕಾರ್ಯಾಗಾರ, ಗೋಕುಲ ರಸ್ತೆ, ತಾರಿಹಾಳ, ಬೇಲೂರು ಕೈಗಾರಿಕಾ ಪ್ರದೇಶಗಳು ಇಲ್ಲಿನ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿವೆ. ಅದರ ಜೊತೆಗೆ ಇದು ತಾಂತ್ರಿಕ ಶಿಕ್ಷಣದ ಊರೂ ಹೌದು. ವಿದ್ಯಾನಗರದಲ್ಲಿ 1947ರಲ್ಲಿ ಆರಂಭವಾದ ಬಿ.ವಿ. ಭೂಮರಡ್ಡಿ ಎಂಜಿನಿಯರಿಂಗ್ ಕಾಲೇಜು ಇಂದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವಾಗಿದೆ. ಧವಳಗಿರಿಯ ಎಸ್‌ಡಿಎಂ ಎಂಜಿನಿಯರಿಂಗ್ ಕಾಲೇಜು 1979ರದ್ದು. 2016ರಲ್ಲಿ ವಾಲ್ಮಿ ಆವರಣದಲ್ಲಿ ಪಾಠ ಆರಂಭಿಸಿದ ಐಐಟಿಯ ಚಿಕ್ಕಮಲ್ಲಿಗವಾಡದ ಸ್ವಂತ ಕ್ಯಾಂಪಸ್ 2023ರಲ್ಲಿ ಉದ್ಘಾಟನೆಗೊಂಡಿತು. ನಾನು ಹೇಳಹೊರಟಿರುವುದು ಯಾವುದೇ ಒಂದು ಸಂಸ್ಥೆಯ ಮೇಲಿನ ದೂರಲ್ಲ. ಎಂಜಿನಿಯರಿಂಗ್ ಕಲಿಸುವ ಎಲ್ಲ ಕ್ಯಾಂಪಸ್ಸುಗಳಿಗೂ ಅನ್ವಯಿಸುವ ಮಾತಿದು.

ಹಿಂದೆ ವರ್ಕ್‌ಶಾಪ್ ಎಂದರೆ ಮೊದಲ ವರ್ಷದ ವಿದ್ಯಾರ್ಥಿಗಳು ಹಗಲು ಹೊತ್ತಿನಲ್ಲಿ, ಬೋಧಕರ ಕಣ್ಣೆದುರಿನಲ್ಲಿ, ಕಬ್ಬಿಣದ ತುಂಡನ್ನು ಅರ ಹಿಡಿದು ಉಜ್ಜುವ ಜಾಗವಾಗಿತ್ತು. ಇಂದು ವಿದ್ಯಾರ್ಥಿಗಳು ರೇಸಿಂಗ್ ಕಾರು ಕಟ್ಟುತ್ತಾರೆ, ರೋಬೋ ಮಾಡುತ್ತಾರೆ, ಓದುತ್ತಿರುವಾಗಲೇ ಸ್ಟಾರ್ಟ್‌ಅಪ್ ತೆರೆಯುತ್ತಾರೆ. ಇದು ಸಂತೋಷದ ಬೆಳವಣಿಗೆ. ಆದರೆ ಸ್ಪರ್ಧೆಯ ದಿನ ಹತ್ತಿರವಾದಂತೆ ಕೆಲಸ ರಾತ್ರಿಗೆ ಸರಿಯುತ್ತದೆ. ನಿದ್ದೆ ಕಡಿಮೆಯಾಗುತ್ತದೆ, ಬೋಧಕರು ಮನೆಗೆ ಹೋಗಿರುತ್ತಾರೆ. ಬಾಗಿಲು ಮುಚ್ಚಿದ ಹೊರತು ತಿರುಗದ ಹೊಸ ಸಿಎನ್‌ಸಿ ಯಂತ್ರದ ಪಕ್ಕದಲ್ಲಿಯೇ ಯಾವ ಮುಚ್ಚಳವೂ ಇಲ್ಲದ ಹಳೆಯ ಲೇತು ನಿಂತಿರುತ್ತದೆ.

ಲೇತಿನ ಲೆಕ್ಕವನ್ನು ಓದುಗರು ಒಮ್ಮೆ ಗಮನಿಸಬೇಕು. ನಿಮಿಷಕ್ಕೆ 600 ಸುತ್ತು ಎಂಬುದು ಅದಕ್ಕೆ ಸಾಧಾರಣ ವೇಗ. ಎಂದರೆ ಸೆಕೆಂಡಿಗೆ 10 ಸುತ್ತು. ಅದರಲ್ಲಿ 25 ಮಿ.ಮೀ. ದಪ್ಪದ ಸರಳು ತಿರುಗುತ್ತಿದೆ ಎಂದುಕೊಳ್ಳಿ. ಅರ್ಧ ಮೀಟರ್ ಉದ್ದದ ಜಡೆಯನ್ನಾಗಲೀ ದುಪಟ್ಟಾದ ಅಂಚನ್ನಾಗಲೀ ಪೂರ್ತಿ ಸುತ್ತಿಕೊಳ್ಳಲು ಅದಕ್ಕೆ ಮುಕ್ಕಾಲು ಸೆಕೆಂಡೂ ಬೇಡ. ಏನಾಯಿತೆಂದು ಮನಸ್ಸಿಗೆ ಹೊಳೆದು, ಕೈ ಕೆಂಪು ಗುಂಡಿಯನ್ನು ಹುಡುಕುವ ಹೊತ್ತಿಗೆ ಎಲ್ಲವೂ ಮುಗಿದಿರುತ್ತದೆ. ಬ್ರೇಕ್ ಇಲ್ಲದ ಯಂತ್ರವಾದರೆ ಗುಂಡಿ ಒತ್ತಿದ ಮೇಲೂ ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ‘ಎಚ್ಚರಿಕೆಯಿಂದ ಕೆಲಸ ಮಾಡಿ’ ಎಂಬ ಫಲಕ ಇಂಥಲ್ಲಿ ಏನನ್ನೂ ಕಾಪಾಡಲಾರದು. ಮನುಷ್ಯನ ಎಚ್ಚರ ಯಂತ್ರದಷ್ಟು ವೇಗದ್ದಲ್ಲ.

ಅಮೆರಿಕದ ಹೆಸರಾಂತ ಯೇಲ್ ವಿಶ್ವವಿದ್ಯಾಲಯದಲ್ಲಿ 2011ರ ಏಪ್ರಿಲ್‌ನಲ್ಲಿ ನಡೆದದ್ದು ಇದೇ. ಭೌತಶಾಸ್ತ್ರ ಓದುತ್ತಿದ್ದ ಅಂತಿಮ ವರ್ಷದ ವಿದ್ಯಾರ್ಥಿನಿಯೊಬ್ಬಳು ತಡರಾತ್ರಿ ರಸಾಯನಶಾಸ್ತ್ರ ಕಟ್ಟಡದ ಯಂತ್ರಾಗಾರದಲ್ಲಿ ಒಬ್ಬಳೇ ಕೆಲಸ ಮಾಡುತ್ತಿದ್ದಳು. ಕೂದಲು ಲೇತಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಅಲ್ಲಿನ ಕೇಂದ್ರ ಸರ್ಕಾರದ ಕಾರ್ಮಿಕ ಸುರಕ್ಷತಾ ಸಂಸ್ಥೆ ಪರಿಶೀಲಿಸಿ, ಆ ಯಂತ್ರಕ್ಕೆ ರಕ್ಷಣಾ ಕವಚದಂಥ ಅಗತ್ಯ ವ್ಯವಸ್ಥೆಗಳಿರಲಿಲ್ಲವೆಂದು ಪತ್ರ ಬರೆಯಿತು. ವಿಶ್ವವಿದ್ಯಾಲಯ ಅದನ್ನು ಒಪ್ಪಲಿಲ್ಲ. ಸಂಸ್ಥೆಯಾದರೂ ದಂಡ ವಿಧಿಸಲಾಗಲಿಲ್ಲ. ಸತ್ತವಳು ವಿದ್ಯಾರ್ಥಿನಿ, ನೌಕರಳಲ್ಲ. ಆದ್ದರಿಂದ ಆ ಸಾವು ಅದರ ಅಧಿಕಾರ ವ್ಯಾಪ್ತಿಗೆ ಬರುತ್ತಿರಲಿಲ್ಲ. ನಮ್ಮ ರಾಜ್ಯವೂ ಇಂಥ ದುಃಖದಿಂದ ಹೊರತಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಹೈಪರ್‌ಸಾನಿಕ್ ಪ್ರಯೋಗಾಲಯದಲ್ಲಿ 2018ರ ಡಿಸೆಂಬರ್ 5ರಂದು ನಡೆದ ಸ್ಫೋಟದಲ್ಲಿ ಯುವ ಸಂಶೋಧಕನೊಬ್ಬ ಮೃತಪಟ್ಟು, ಮೂವರು ಗಾಯಗೊಂಡರು. ಯಂತ್ರ ಬೇರೆ, ಅನಿಲ ಬೇರೆ. ಆದರೆ ಕ್ಯಾಂಪಸ್ಸಿನ ಗೋಡೆ ಅಪಾಯವನ್ನು ಹೊರಗಿಡುವುದಿಲ್ಲ ಎಂಬುದು ಎರಡು ಕಡೆಯೂ ಒಂದೇ.

ನಮ್ಮ ಕಾನೂನಿನಲ್ಲಿಯೂ ಇದೇ ಬಿರುಕಿದೆ. 1948ರ ಕಾರ್ಖಾನೆಗಳ ಕಾಯ್ದೆ ಯಂತ್ರದ ಚಲಿಸುವ ಭಾಗಗಳಿಗೆ ಬೇಲಿ ಇರಬೇಕೆಂದಿತು. ಪ್ರತಿ ಕೆಲಸದ ಕೋಣೆಯಲ್ಲಿಯೂ ತುರ್ತಾಗಿ ವಿದ್ಯುತ್ ಕಡಿತಗೊಳಿಸುವ ಸಾಧನ ಬೇಕೆಂದಿತು. ತಿರುಗುವ ಯಂತ್ರವನ್ನು ಪರೀಕ್ಷಿಸುವ, ಅದಕ್ಕೆ ಎಣ್ಣೆ ಹಾಕುವ ಕಾರ್ಮಿಕನಿಗೆ ಮೈಗೊತ್ತಿದ ಉಡುಪನ್ನು ಮಾಲೀಕನೇ ಒದಗಿಸಬೇಕೆಂದಿತು. 2025ರ ನವೆಂಬರ್ 21ರಿಂದ ಅದರ ಸ್ಥಾನಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಆದರೆ ಎರಡೂ ಕಾಯುವುದು ದುಡಿಯುವವನನ್ನು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಕಾರ್ಖಾನೆಯಲ್ಲಿ ತರಬೇತಿ ಪಡೆಯುವ ಅಪ್ರೆಂಟಿಸ್‌ಗೆ ಕಾರ್ಮಿಕನಿಗಿರುವ ಸುರಕ್ಷತಾ ನಿಯಮಗಳೇ ಅನ್ವಯವಾಗುತ್ತವೆ. ಗಾಯವಾದರೆ ಪರಿಹಾರದ ಹಕ್ಕೂ ಇದೆ. ಹತ್ತೊಂಬತ್ತರ ವಯಸ್ಸಿನ ಅಪ್ರೆಂಟಿಸ್ ಹುಡುಗ ಗೋಕುಲ ರಸ್ತೆಯ ಕಾರ್ಖಾನೆಯ ಲೇತಿನ ಮುಂದೆ ನಿಂತರೆ ಕಾನೂನು ಅವನ ಪಕ್ಕದಲ್ಲಿ ನಿಲ್ಲುತ್ತದೆ. ಅದೇ ವಯಸ್ಸಿನ ವಿದ್ಯಾರ್ಥಿ ಶುಲ್ಕ ಕಟ್ಟಿ ಕಾಲೇಜಿನ ಲೇತಿನ ಮುಂದೆ ನಿಂತರೆ ಅವನು ‘ಕಾರ್ಮಿಕ’ನಲ್ಲ. ಅವನ ರಕ್ಷಣೆ ಸಂಸ್ಥೆಯ ವಿವೇಕಕ್ಕೆ ಬಿಟ್ಟದ್ದು.

ಆ ವಿವೇಕ ದಿನನಿತ್ಯದ ಕೆಲಸವಾಗಿ ಇಳಿಯುವುದು ವರ್ಕ್‌ಶಾಪಿನ ಬಾಗಿಲಿನಲ್ಲಿ. ಆ ಅವಘಡದ ನಂತರ ನಾನು ಮಾಡಿದ ಮೊದಲ ಕೆಲಸ, ಬಾಗಿಲ ಪಕ್ಕ ನಲವತ್ತು ಮೊಳೆ ಹೊಡೆದ ಹಲಗೆಯೊಂದನ್ನು ತೂಗುಹಾಕಿದ್ದು. ಗುರುತಿನ ಚೀಟಿ ಸದಾ ಕೊರಳಲ್ಲಿರಬೇಕೆಂಬುದು ಕಾಲೇಜಿನ ಶಿಸ್ತು. ತಿರುಗುವ ಯಂತ್ರದ ಮೇಲೆ ಬಾಗುವವನಿಗೆ ಅದೇ ನೇಣಿನ ಹಗ್ಗ. ಹೆಣ್ಣುಮಕ್ಕಳಿಗೆ ಕಡ್ಡಾಯವಾಗಿದ್ದ ದುಪಟ್ಟಾದ ವಿಷಯವೂ ಅಷ್ಟೇ. ಚೀಟಿ, ದುಪಟ್ಟಾ, ಉಂಗುರ, ಕೈದಾರ ಎಲ್ಲವೂ ಮೊಳೆಗೆ. ಜಡೆ ಟೋಪಿಯ ಒಳಗೆ. ಮಠದಲ್ಲಿ ಕಟ್ಟಿಸಿಕೊಂಡ ದಾರ ಬಿಚ್ಚಲು ಒಪ್ಪದವರಿಗೆ ಅಂದು ಅಳತೆಯ ಕೆಲಸ ಕೊಡುತ್ತಿದ್ದೆ, ಯಂತ್ರದ ಕೆಲಸವಲ್ಲ. ಸುರಕ್ಷತೆಗೆಂದೇ ಕೈಗವಸು ಹಾಕಿಕೊಂಡು ಬಂದವರಿಗೂ ತಿಳಿಸಿ ಹೇಳಬೇಕಾಗಿತ್ತು: ಬಿಸಿ ತಗಡು ಹಿಡಿಯಲು ಅದು ಬೇಕು, ತಿರುಗುವ ಡ್ರಿಲ್ಲಿನ ಬಳಿ ಅದೇ ಕೈಯನ್ನು ಒಳಕ್ಕೆಳೆಯುತ್ತದೆ.

ಎರಡನೆಯದು ನೋ-ವೋಲ್ಟ್ ಸ್ಟಾರ್ಟರ್. ಕರೆಂಟು ಹೋದೊಡನೆ ಇದರ ಸಂಪರ್ಕ ಬಿಟ್ಟುಕೊಳ್ಳುತ್ತದೆ. ಮರಳಿ ಬಂದಾಗ ಯಾರಾದರೂ ಹಸಿರು ಗುಂಡಿ ಒತ್ತಿದರೆ ಮಾತ್ರ ಯಂತ್ರ ತಿರುಗುತ್ತದೆ. ಯಂತ್ರದ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ. ಆದರೂ ಎಲ್ಲ ಯಂತ್ರಗಳಿಗೆ ಅದನ್ನು ಹಾಕಿಸಲು ನನಗೆ ಎರಡು ಬಜೆಟ್ ವರ್ಷಗಳೇ ಬೇಕಾದವು. ಮೂರನೆಯದು ಒಂದು ನೋಟ್‌ಬುಕ್. ಗಾಯವಾದದ್ದನ್ನಷ್ಟೇ ಅಲ್ಲ, ಸ್ವಲ್ಪದರಲ್ಲಿ ತಪ್ಪಿದ್ದನ್ನೂ ಅದರಲ್ಲಿ ಬರೆಯಬೇಕು, ಬರೆದವರನ್ನು ಯಾರೂ ಗದರಿಸಕೂಡದು. ಲೇತಿನ ಚಕ್ಕಿನಲ್ಲಿ ಕೀಲಿ ಮರೆತು ಯಂತ್ರ ಚಾಲೂ ಮಾಡಿ, ಅದು ಹಾರಿ ಕಿಟಕಿ ಗಾಜು ಒಡೆದ ಸಂಗತಿ ಆ ಪುಸ್ತಕದಲ್ಲಿ ಒಂದೇ ವರ್ಷದಲ್ಲಿ ಮೂರು ಬಾರಿ ದಾಖಲಾಯಿತು. ಅಲ್ಲಿಯವರೆಗೆ ಅದು ಅಪರೂಪದ ತಪ್ಪೆಂದೇ ನಾವು ನಂಬಿದ್ದೆವು.

ಇಷ್ಟೆಲ್ಲ ಮಾಡಿದರೂ ಉಳಿದ ಕೊರತೆಯೆಂದರೆ ಅಧಿಕಾರ. ನಮ್ಮ ಸಂಸ್ಥೆಗಳಲ್ಲಿ ವರ್ಕ್‌ಶಾಪಿನ ಬೋಧಕ ಏಣಿಯ ಕೆಳಗಿನ ಮೆಟ್ಟಿಲಿನವನು. ಹೆಚ್ಚಿನವರು ಐಟಿಐ ಅಥವಾ ಡಿಪ್ಲೊಮಾ ಓದಿದವರು. ಡಾಕ್ಟರೇಟ್ ಪಡೆದ ಪ್ರಾಧ್ಯಾಪಕರೊಬ್ಬರು, ‘ನಾಳೆ ಸ್ಪರ್ಧೆ ಇದೆ, ಇವತ್ತೊಂದು ರಾತ್ರಿ ಹುಡುಗರನ್ನು ಬಿಡಿ’ ಎಂದಾಗ ‘ಸಾಧ್ಯವಿಲ್ಲ’ ಎನ್ನುವ ಧೈರ್ಯ ಅವನಿಗೆ ಎಲ್ಲಿಂದ ಬರಬೇಕು? ಆ ಧೈರ್ಯವನ್ನು ಸಂಸ್ಥೆ ಲಿಖಿತವಾಗಿ ಕೊಡಬೇಕು. ತರಬೇತಿಯ ಪರೀಕ್ಷೆಯಲ್ಲಿ ಪಾಸಾಗದವರನ್ನು ಯಂತ್ರದಿಂದ ದೂರವಿಡುವ, ಮುಚ್ಚಳವಿಲ್ಲದ ಯಂತ್ರಕ್ಕೆ ಬೀಗ ಜಡಿಯುವ, ಇಬ್ಬರಿಲ್ಲದೆ ಯಾರೂ ಕೆಲಸ ಮಾಡದಂತೆ ಬಾಗಿಲು ಹಾಕುವ ಅಧಿಕಾರ ಅವನದಾಗಬೇಕು. ಅವನ ಮಾತನ್ನು ಪ್ರಾಂಶುಪಾಲರೂ ಮೀರಕೂಡದು. ರಾತ್ರಿ ಕೆಲಸ ಬೇಕೆಂದರೆ ರಾತ್ರಿಯ ಮೇಲ್ವಿಚಾರಕನಿಗೆ ಸಂಬಳ ಕೊಡಬೇಕು. ಯೇಲ್ ವಿಶ್ವವಿದ್ಯಾಲಯ ಆ ಸಾವಿನ ಬಳಿಕ ಪದವಿ ವಿದ್ಯಾರ್ಥಿಗಳ ಕೆಲಸದ ವೇಳೆಯನ್ನು ಮಿತಿಗೊಳಿಸಿ, ಉಸ್ತುವಾರಿಗೆ ಜನರನ್ನು ನೇಮಿಸಲು ಮುಂದಾಯಿತು. ಅಷ್ಟು ದೊಡ್ಡ ಬೆಲೆ ತೆತ್ತ ಮೇಲೆಯೇ ನಾವೂ ಕಲಿಯಬೇಕೆಂದೇನಿಲ್ಲ. ಕಾಲೇಜುಗಳಿಗೆ ಮಾನ್ಯತೆ ನೀಡುವ ಸಂಸ್ಥೆಗಳು ಇವನ್ನು ಕೇಳುವಂತಾದರೆ, ಸರ್ಕಾರ ತರಬೇತಿ ಯಂತ್ರಾಗಾರಗಳ ವಿದ್ಯಾರ್ಥಿಗಳನ್ನೂ ಸುರಕ್ಷತಾ ಕಾನೂನಿನ ನೆರಳಿಗೆ ತಂದರೆ, ಇದು ಒಬ್ಬ ಮೇಲ್ವಿಚಾರಕನ ಮರ್ಜಿಯಾಗಿ ಉಳಿಯುವುದಿಲ್ಲ.

ಆಯುಧ ಪೂಜೆಯ ದಿನ ನಾವು ಯಂತ್ರಗಳನ್ನು ತೊಳೆದು, ವಿಭೂತಿ ಬಳಿದು, ಚೆಂಡು ಹೂವಿನ ಹಾರ ಹಾಕಿ ಕೈಮುಗಿಯುತ್ತೇವೆ. ಅಂದು ಮೂಲೆಯಲ್ಲಿ ಬಿದ್ದಿರುವ ಮುಚ್ಚಳಗಳನ್ನು ಹುಡುಕಿ ತಿರುಗಿ ಜೋಡಿಸಿದರೆ ಅದೂ ಪೂಜೆಯೇ.

ಪಾಲಕರಿಗೊಂದು ವಿನಂತಿ. ಮಕ್ಕಳ ಪ್ರವೇಶಕ್ಕೆಂದು ಕಾಲೇಜಿಗೆ ಹೋದಾಗ ಪ್ಲೇಸ್‌ಮೆಂಟ್ ಎಷ್ಟು, ಪ್ಯಾಕೇಜ್ ಎಷ್ಟು, ಹಾಸ್ಟೆಲ್ ಊಟ ಹೇಗೆ ಎಂದು ಕೇಳುತ್ತೇವೆ. ಇನ್ನೊಂದು ಪ್ರಶ್ನೆಯನ್ನೂ ಕೇಳಿ: ರಾತ್ರಿ ಎಂಟರ ನಂತರ ನಿಮ್ಮ ವರ್ಕ್‌ಶಾಪಿನ ಕೀಲಿಕೈ ಯಾರ ಬಳಿ ಇರುತ್ತದೆ? ನನ್ನನ್ನು ಅಂದು ಯಾರೂ ಹಾಗೆ ಕೇಳಿರಲಿಲ್ಲ.