2520 ಎಂಬ ‘ವಿಚಿತ್ರ ಸಂಖ್ಯೆ’ಯನ್ನು ರಾಮಾನುಜನ್ ಕಂಡುಹಿಡಿದರೇ?

2520ರ ಬಗ್ಗೆ ಒಂದು ಸಂದೇಶ ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತಿರುತ್ತದೆ. ಈ ಸಂಖ್ಯೆ 1ರಿಂದ 10ರವರೆಗಿನ ಎಲ್ಲ ಸಂಖ್ಯೆಗಳಿಂದಲೂ ಶೇಷ ಉಳಿಯದೆ ಭಾಗವಾಗುತ್ತದೆ, ಇಂಥದ್ದು ಇನ್ನೊಂದಿಲ್ಲ, ಇದನ್ನು ಪತ್ತೆಹಚ್ಚಿದವರು ಶ್ರೀನಿವಾಸ ರಾಮಾನುಜನ್, ವಾರದ 7 ದಿನ, ತಿಂಗಳ 30 ದಿನ, ವರ್ಷದ 12 ತಿಂಗಳು ಗುಣಿಸಿದರೂ ಇದೇ ಬರುತ್ತದೆ ಎನ್ನುವುದು ಅದರ ಸಾರಾಂಶ.

ಮೊದಲ ಮಾತು ನಿಜ. ಫೋನಿನ ಕ್ಯಾಲ್ಕ್ಯುಲೇಟರ್‌ನಲ್ಲಿ ನೀವೇ ಭಾಗಿಸಿ ನೋಡಬಹುದು. ಆದರೆ ಇಂಥದ್ದು ಇನ್ನೊಂದಿಲ್ಲ ಎನ್ನುವುದು ಸುಳ್ಳು. 5040, 7560, ಹೀಗೆ 2520ರ ಮಗ್ಗಿಯಲ್ಲಿ ಬರುವ ಪ್ರತಿ ಸಂಖ್ಯೆಗೂ ಅದೇ ಗುಣವಿದೆ. 2520 ಅವುಗಳಲ್ಲಿ ಅತಿ ಚಿಕ್ಕದು, ಅಷ್ಟೇ. ಶಾಲೆಯಲ್ಲಿ ನಾವೆಲ್ಲ ಮಾಡಿದ ಲ.ಸಾ.ಅ. ಲೆಕ್ಕ ನೆನಪಿದೆಯೇ? ಇದು 1ರಿಂದ 10ರವರೆಗಿನ ಸಂಖ್ಯೆಗಳ ಲ.ಸಾ.ಅ. 8ಕ್ಕಾಗಿ ಮೂರು 2, 9ಕ್ಕಾಗಿ ಎರಡು 3, ಜೊತೆಗೆ ಒಂದು 5, ಒಂದು 7. ಎಲ್ಲವನ್ನೂ ಗುಣಿಸಿದರೆ 2520. 4, 6, 10ಕ್ಕೆ ಬೇಕಾದದ್ದು ಇದರೊಳಗೇ ಇದೆ.

ಕ್ಯಾಲೆಂಡರಿನ ‘ರಹಸ್ಯ’ವೂ ಇಷ್ಟೇ. 7, 30, 12 ಇವುಗಳನ್ನು ಬಿಡಿಸಿದರೆ ಸಿಗುವುದು ಇದೇ ಮೂರು 2, ಎರಡು 3, ಒಂದು 5, ಒಂದು 7. ತಿಂಗಳಿಗೆ 31 ದಿನ ಹಿಡಿಯಿರಿ, 2604 ಬರುತ್ತದೆ. ಅದು 5ರಿಂದಲೂ ಭಾಗವಾಗದು!

ಇನ್ನು ಕಂಡುಹಿಡಿದ ವಿಚಾರ. ರಾಮಾನುಜನ್ ಹುಟ್ಟಿದ್ದು 1887ರಲ್ಲಿ. ಕ್ರಿ.ಪೂ. 4ನೇ ಶತಮಾನದಲ್ಲೇ ಗ್ರೀಕ್ ತತ್ವಜ್ಞಾನಿ ಪ್ಲೇಟೊ ತನ್ನ ‘ಲಾಸ್’ ಕೃತಿಯಲ್ಲಿ, ಹೊಸ ನಗರದಲ್ಲಿ 5040 ಭೂಮಾಲೀಕರ ಮನೆತನಗಳಿರಲಿ ಎಂದಿದ್ದ. ಕಾರಣ? ಆ ಸಂಖ್ಯೆ 1ರಿಂದ 10ರವರೆಗೆ ಎಲ್ಲದರಿಂದಲೂ ಭಾಗವಾಗುತ್ತದೆ, ಹಂಚಿಕೆಗೆ ಅನುಕೂಲ.

ಹಾಗೆಂದು ರಾಮಾನುಜನ್‌ಗೂ 2520ಕ್ಕೂ ನಂಟೇ ಇಲ್ಲವೆಂದಲ್ಲ. ಈ ಫಾರ್ವರ್ಡ್ ಶಾಲೆಯ ಲೆಕ್ಕವೊಂದನ್ನು ಅವರ ಹೆಸರಿಗೆ ಅಂಟಿಸಿ, ಅವರು ನಿಜವಾಗಿ ಮಾಡಿದ್ದನ್ನು ಮರೆಸಿಬಿಡುತ್ತದೆ ಎನ್ನುವುದೇ ನಮ್ಮ ತಕರಾರು. ಇಂಗ್ಲೆಂಡಿನಲ್ಲಿದ್ದಾಗ, 1915ರಲ್ಲಿ, ಅವರು ಒಂದು ದೀರ್ಘ ಪ್ರಬಂಧ ಪ್ರಕಟಿಸಿದರು. ತನಗಿಂತ ಚಿಕ್ಕದಾದ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳಿರುವ ಸಂಖ್ಯೆಗಳ ಬಗ್ಗೆ ಅದು. ಇವನ್ನು ಅಧಿಕ ಸಂಯುಕ್ತ ಸಂಖ್ಯೆಗಳು ಎನ್ನಬಹುದು. 48 ಭಾಜಕಗಳಿರುವ 2520 ಇವುಗಳಲ್ಲಿ ಒಂದು. ಆದರೆ ರಾಮಾನುಜನ್ ಕೊಟ್ಟ ಪಟ್ಟಿ ಹೋಗಿ ನಿಲ್ಲುವುದು 67,46,32,83,88,800ರಲ್ಲಿ, ಅಂದರೆ ಆರೂಮುಕ್ಕಾಲು ಲಕ್ಷ ಕೋಟಿಯ ಹತ್ತಿರ!

ಇದರ ಭಾಜಕಗಳನ್ನು ಒಂದೊಂದಾಗಿ ಎಣಿಸಬೇಕಿಲ್ಲ. ಬಿಡಿಸಿದರೆ ಆರು 2, ನಾಲ್ಕು 3, ಎರಡು 5, ಎರಡು 7, ಆಮೇಲೆ 11, 13, 17, 19, 23 ಒಂದೊಂದು ಸಿಗುತ್ತವೆ. ಪ್ರತಿ ಎಣಿಕೆಗೂ ಒಂದು ಸೇರಿಸಿ ಗುಣಿಸಿ: 7×5×3×3×2×2×2×2×2. ಉತ್ತರ 10,080. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಮಾಡಿದ ಪಟ್ಟಿ ಇದು. ಅದರಲ್ಲಿ ಒಂದು ಸಂಖ್ಯೆ ಬಿಟ್ಟುಹೋಗಿತ್ತು: 2,93,31,86,25,600. ಕೊನೆಯ ಸಂಖ್ಯೆಯನ್ನು 23ರಿಂದ ಭಾಗಿಸಿ ನೋಡಿ, ಅದೇ ಸಿಗುತ್ತದೆ.