ಆನೆಯ ಎಚ್ಚರಿಕೆಯನ್ನು ಧ್ವನಿಮುದ್ರಿಸಿ ತಿದ್ದುವ ಕ್ರಮ

ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಮಲೆಸೀಮೆಯಲ್ಲಿ ಕಾಫಿ, ಏಲಕ್ಕಿ, ಮೆಣಸು, ಬತ್ತಗಳಿಗೆ ಕಾಡಾನೆಗಳಿಂದಾಗುವ ಹಾವಳಿಯು ಸರ್ವವಿದಿತವಾದುದು. ೨೦೧೪ರಲ್ಲಿ ಈ ಭಾಗದಿಂದ ೨೨ ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅದು ನಿಂತಿಲ್ಲ. ಬೆಳೆಯ ನಷ್ಟವು ಹಾಗಿರಲಿ, ಮುಂಜಾನೆಯ ಮಂಜಿನಲ್ಲಿ ತೋಟದ ಕೆಲಸಕ್ಕೆ ನಡೆದು ಬರುವ ಆಳುಗಳಿಗೆ ಆನೆಯು ಎದುರಾದರೆ ಪ್ರಾಣಕ್ಕೇ ಅಪಾಯ. ಅರಣ್ಯ ಇಲಾಖೆಯವರು ಆನೆಗಳ ನೆಲೆಯನ್ನು ಫೋನಿನ ಸಂದೇಶಗಳಿಂದ ತಿಳಿಸುವ ಏರ್ಪಾಡನ್ನು ಮಾಡಿರುವರು. ಆದರೆ ಓದಲು ಬಾರದವರಿಗೆ ಬರಹದಿಂದ ಪ್ರಯೋಜನವಿಲ್ಲ. ಆದುದರಿಂದ ಗ್ರಾಮದ ಮುಖಂಡರೂ ತೋಟದ ಯಜಮಾನರೂ ಅದೇ ವರ್ತಮಾನವನ್ನು ಬಾಯಿಮಾತಿನಲ್ಲಿ ಮುದ್ರಿಸಿ ಹಂಚುವುದು, ಇಲ್ಲವೆ ಜೀಪಿಗೆ ಕಟ್ಟಿದ ಧ್ವನಿವರ್ಧಕದಿಂದ ಸಾರಿಸುವುದು ಬಹಳ ಉಪಯುಕ್ತವಾದುದು.

ಹೀಗೆ ಮುದ್ರಿಸಿದ ಮಾತಿನಲ್ಲಿ ಕೆಮ್ಮು, ನಾಯಿಯ ಬೊಗಳು, ತಡವರಿಕೆ, ಹೇಳಿದ್ದನ್ನೇ ಹೇಳುವುದು ಇವೆಲ್ಲವೂ ಸೇರಿ, ಅರ್ಧ ನಿಮಿಷದ ಸುದ್ದಿಯು ಮೂರು ನಿಮಿಷವಾಗುವುದುಂಟು. ಕೇಳುವವರು ನಡುವೆಯೇ ನಿಲ್ಲಿಸಿಬಿಡುವರು. ಮುಖ್ಯವಾದ ಮಾತು ಕೊನೆಯಲ್ಲಿದ್ದರೆ ಅದು ಕಿವಿಗೆ ಬೀಳದೆ ಹೋಗುವುದು. ಇದನ್ನು ತಿದ್ದಲು ಕಂಪ್ಯೂಟರಿನಲ್ಲಿ ನಡೆಯುವ ಧ್ವನಿಸಂಪಾದಕಗಳಿವೆ. ಅವುಗಳಲ್ಲಿ ಆಡಾಸಿಟಿ ಎಂಬುದು ಕ್ರಯವಿಲ್ಲದೆ ದೊರೆಯತಕ್ಕದ್ದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಡಾಮಿನಿಕ್ ಮಜೋನಿ ಮತ್ತು ರೋಜರ್ ಡ್ಯಾನನ್‌ಬರ್ಗ್ ಎಂಬವರು ಇದನ್ನು ಪ್ರಾರಂಭಿಸಿದರು; ೨೦೦೦ರಲ್ಲಿ ಇದು ಮೊದಲು ಹೊರಬಂದಿತು. ಹಿಂದೆ ಬಾನುಲಿಯ ನಿಲಯಗಳಲ್ಲಿ ಟೇಪನ್ನು ಬ್ಲೇಡಿನಿಂದ ಕೊಯ್ದು ಅಂಟಿಸುತ್ತಿದ್ದರು. ಈಗ ಕಂಟ್ರೋಲ್ ಮತ್ತು ಝಡ್ ಕೀಲಿಗಳನ್ನು ಕೂಡಿಸಿ ಒತ್ತಿದರೆ ಕೊಯ್ದದ್ದು ಮರಳಿ ಬರುವುದು. ಇದೊಂದು ಸೌಕರ್ಯಕ್ಕಾಗಿಯೇ ಹೊಸಬರು ಧೈರ್ಯವಾಗಿ ಕೈ ಹಾಕಬಹುದು.

ಫೋನಿನ ಧ್ವನಿಯನ್ನು ಕಂಪ್ಯೂಟರಿಗೆ ತಂದು, ಮೊದಲು ಅದರ ನಕಲೊಂದನ್ನು ಬೇರೆ ಇಟ್ಟುಕೊಳ್ಳತಕ್ಕದ್ದು. ಕೆಲವು ಫೋನುಗಳ ಎಂ೪ಎ ಮಾದರಿಯ ಕಡತವನ್ನು ತೆರೆಯಲು ಎಫ್‌ಎಫ್‌ಎಂಪೆಗ್ ಎಂಬ ಉಪಸಾಧನವನ್ನೂ ಹಾಕಿಕೊಳ್ಳಬೇಕಾಗುವುದು. ಕಡತವನ್ನು ತೆರೆದೊಡನೆ ಧ್ವನಿಯು ಪರದೆಯ ಮೇಲೆ ಗುಡ್ಡಸಾಲಿನಂತೆ ಕಾಣುವುದು: ಜೋರಾದ ಮಾತು ಎತ್ತರ, ಮೌನವು ಸಪಾಟಾದ ಗೆರೆ. ಸ್ಪೇಸ್ ಕೀಲಿಯನ್ನೊತ್ತಿದರೆ ಧ್ವನಿಯು ನುಡಿಯುವುದು, ಮತ್ತೆ ಒತ್ತಿದರೆ ನಿಲ್ಲುವುದು. ಬೇಡವಾದ ಭಾಗದ ಮೇಲೆ ಮೌಸನ್ನು ಎಳೆದು ಗುರುತುಮಾಡಿ ಡಿಲೀಟ್ ಕೀಲಿಯನ್ನೊತ್ತಿದರೆ ಅದು ಹೋಗಿ ಎರಡು ಕಡೆಗಳೂ ಕೂಡಿಕೊಳ್ಳುವುವು. ಬೇಕಾದ ಭಾಗವನ್ನು ಗುರುತುಮಾಡಿ ಕಂಟ್ರೋಲ್ ಮತ್ತು ಟಿ ಒತ್ತಿದರೆ ಅದರ ಹಿಂದುಮುಂದಿನದು ಹೋಗಿ ಅದೊಂದೇ ಉಳಿಯುವುದು. ಕತ್ತರಿಸುವುದು ಯಾವಾಗಲೂ ಸಪಾಟಾದ ಜಾಗದಲ್ಲಿರಬೇಕು.

ಇಲ್ಲಿ ಕನ್ನಡ ನುಡಿಗೆ ವಿಶೇಷವಾದ ಅಪಾಯವೊಂದುಂಟು. ನಮ್ಮ ಮಾತಿನಲ್ಲಿ ಬೇಡ, ಇಲ್ಲ, ಅಲ್ಲ ಎಂಬುವು ವಾಕ್ಯದ ಕಟ್ಟಕಡೆಗೆ ಬರತಕ್ಕವು. ಮಾತನಾಡುವವನ ಉಸಿರು ಅಲ್ಲಿಯೇ ಇಳಿಯುವುದರಿಂದ ಪರದೆಯ ಮೇಲೆ ಆ ಭಾಗವು ತಗ್ಗಾಗಿ, ಬರಿಯ ಮೌನದಂತೆ ತೋರುವುದು. “ಆನೆಗಳು ಹಳ್ಳವನ್ನು ದಾಟಿ ಹೋದುದು ನಿಜವಲ್ಲ” ಎಂಬುದರ ಬಾಲವನ್ನು ಕತ್ತರಿಸಿದರೆ “ನಿಜ” ಎಂದು ಉಳಿಯುವುದು. ಅದನ್ನು ನಂಬಿ ಹೊರಟ ಆಳಿನ ಗತಿಯೇನು? ಆದುದರಿಂದ ಕೊನೆಯ ಅಕ್ಷರವಾದ ಮೇಲೆ ಅರ್ಧ ಸೆಕೆಂಡಿನಷ್ಟು ಮೌನವನ್ನು ಬಿಡತಕ್ಕದ್ದು. ಇದಕ್ಕಿಂತಲೂ ಉತ್ತಮವಾದುದು, “ಆನೆಗಳು ಹಳ್ಳದ ಈಚೆಯೇ ಇವೆ” ಎಂದು ಮುದ್ರಿಸುವಾಗಲೇ ನೇರವಾಗಿ ಹೇಳುವುದು. ತಿದ್ದಿದವನಿಗೆ ಮಾತು ಮೊದಲೇ ಗೊತ್ತಿರುವುದರಿಂದ ತಪ್ಪು ಕೇಳಿಸದು; ಆ ಸುದ್ದಿಯನ್ನು ಅರಿಯದ ಬೇರೊಬ್ಬರಿಗೆ ಒಮ್ಮೆ ಕೇಳಿಸಿ, ಅವರು ತಿಳಿದುಕೊಂಡುದೇನೆಂದು ವಿಚಾರಿಸಬೇಕು.

ಮಳೆಗಾಲದಲ್ಲಿ ತಗಡಿನ ಸೂರಿನ ಸದ್ದು ದೊಡ್ಡ ತೊಂದರೆ. ಸಂಪಾದಕದಲ್ಲಿರುವ ಗದ್ದಲ ತಗ್ಗಿಸುವ ಉಪಾಯವು ಎರಡು ಹಂತದ್ದು: ಬರಿಯ ಗದ್ದಲವಿರುವ ತುಣುಕನ್ನು ಗುರುತುಮಾಡಿ ಅದರ ಮಾದರಿಯನ್ನು ಯಂತ್ರಕ್ಕೆ ತಿಳಿಸುವುದು, ಬಳಿಕ ಪೂರ್ತಿ ಧ್ವನಿಯನ್ನು ಗುರುತುಮಾಡಿ ಪ್ರಯೋಗಿಸುವುದು. ಇದಕ್ಕಾಗಿ ಮಾತಿಗೆ ಮುಂಚೆ ಎರಡು ಮೂರು ಸೆಕೆಂಡು ಸುಮ್ಮನಿರಬೇಕು. ಒಂದೇ ಸಮನಾದ ಸದ್ದಿಗೆ ಇದು ಒಗ್ಗುವುದೇ ಹೊರತು ನಾಯಿಯ ಬೊಗಳಿಗಲ್ಲ. ಅತಿಯಾದರೆ ಧ್ವನಿಯು ನೀರಿನೊಳಗಿಂದ ಬಂದಂತಾಗುವುದು. ಫೋನನ್ನು ಬಾಯಿಗೊತ್ತಿ ಕೂಗಿದ್ದರಿಂದ ಅಲೆಯ ತುದಿಗಳು ಮೊಟಕಾಗಿದ್ದರೆ ತಿದ್ದುವ ಗೋಜಿಗೆ ಹೋಗದೆ ಮತ್ತೊಮ್ಮೆ ಮುದ್ರಿಸುವುದೇ ಲೇಸು.

ಸೇವ್ ಎಂಬುದರಿಂದ ಸಂಪಾದಕದ ಕಡತ ಮಾತ್ರ ಉಳಿಯುವುದು, ಅದು ಫೋನಿನಲ್ಲಿ ನುಡಿಯದು. ಹಂಚಲು ಎಕ್ಸ್‌ಪೋರ್ಟ್ ಮಾಡತಕ್ಕದ್ದು. ಒಂದು ನಿಮಿಷದ ಮಾತು ವೇವ್ ಮಾದರಿಯಲ್ಲಿ ೫೦ ಲಕ್ಷ ಬೈಟುಗಳನ್ನು ಮೀರಿದರೆ, ಸೆಕೆಂಡಿಗೆ ೬೪ ಕಿಲೋಬಿಟ್ಟಿನ ಎಂಪಿ೩ ಮಾದರಿಯಲ್ಲಿ ೫ ಲಕ್ಷಕ್ಕೂ ಕಡಿಮೆ. ಸಂಪರ್ಕವು ದುರ್ಬಲವಾದ ಕಣಿವೆಗಳಿಗೆ ಎರಡನೆಯದೇ ತಕ್ಕುದು. ಅಸ್ಸಾಮಿನ ಕಡೆಯಿಂದ ಬಂದ ಆಳುಗಳಿರುವ ತೋಟಗಳಲ್ಲಿ ಹಿಂದಿಯ ಮಾತನ್ನು ಬೇರೆ ಕಡತವಾಗಿಯೇ ಮಾಡಬೇಕು. ದಿನಾಂಕ, ಗಂಟೆ, ಊರು ಇವು ಮೂರೂ ಮಾತಿನ ಆರಂಭದಲ್ಲಿಯೇ ಇರತಕ್ಕದ್ದು. ಕೈಯಿಂದ ಕೈಗೆ ಹೋಗುವ ಧ್ವನಿಯು ನಿನ್ನೆಯದೋ ಇಂದಿನದೋ ಎಂದು ಕೇಳುವವರಿಗೆ ಬೇರೆ ಗುರುತಿರುವುದಿಲ್ಲ. ಅವಸರದಲ್ಲಿ ಕತ್ತರಿಸುವಾಗ ಮೊದಲು ಹೋಗುವುದೂ ಈ ಆರಂಭದ ಭಾಗವೇ.